ಸಿಪಿಯು ಡಬ್ಬದ ಧೂಳು ತೆಗೆಯೋಣ: ಒಣಗಿದ ಕೈಯಿಂದ, ನಿಧಾನವಾಗಿ

ನಮ್ಮ ಮನೆ ದೊಡ್ಡನೆಕ್ಕುಂದಿ ಕಡೆ. ರಿಂಗ್ ರೋಡಿನಲ್ಲಿ ಮೆಟ್ರೊ ಕಂಬಗಳು ಏಳತೊಡಗಿದ ಮೇಲೆ, ಬೆಳಿಗ್ಗೆ ಒರೆಸಿದ ಟೇಬಲ್ ಮೇಲೆ ಸಂಜೆ ಹೊತ್ತಿಗೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂರುತ್ತದೆ. ಕಿಟಕಿ ಹಾಕಿದ್ದರೂ ಅಷ್ಟೇ. ನಾವು ಉಸಿರಾಡುವ ಈ ಗಾಳಿಯನ್ನೇ ಕಂಪ್ಯೂಟರ್ ಕೂಡ ಒಳಗೆ ಎಳೆದುಕೊಳ್ಳುತ್ತದೆ. ಅದೂ ಮೂರು ನಾಲ್ಕು ಫ್ಯಾನ್ ಇಟ್ಟುಕೊಂಡು, ದಿನಕ್ಕೆ ಎಂಟು ಹತ್ತು ಗಂಟೆ. ಗಾಳಿ ಹಿಂದಿನಿಂದ ಆಚೆ ಬರುತ್ತದೆ. ಧೂಳಿನಲ್ಲಿ ಒಂದಷ್ಟು ಒಳಗೇ ಉಳಿಯುತ್ತದೆ.

ಉಳಿದ ಧೂಳು ಪ್ರೊಸೆಸರ್ ಮೇಲೆ ಕೂತು ಅದರ ಬಿಸಿ ಹೀರಿ ಹೊರಹಾಕುವ ಹೀಟ್‌ಸಿಂಕ್‌ನ ತೆಳು ತಗಡುಗಳ ನಡುವೆ ಕಂಬಳಿ ಹೊದೆಸಿದ ಹಾಗೆ ಕೂರುತ್ತದೆ. ಬಿಸಿ ಆಚೆ ಹೋಗಲು ದಾರಿ ಇಲ್ಲ. ಫ್ಯಾನ್ ಜೋರಾಗಿ ತಿರುಗುತ್ತದೆ, ಗುಂಯ್ ಎನ್ನುವ ಸದ್ದು ಶುರುವಾಗುತ್ತದೆ. ಶಾಖ 95-100 ಡಿಗ್ರಿ ಮುಟ್ಟಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಆಗ ನಾವು ಕಂಪ್ಯೂಟರ್ ಹಳೆಯದಾಯ್ತು, ಸ್ಲೋ ಆಯ್ತು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದಕ್ಕೆ ಬೇಕಾಗಿರುವುದು ಹೊಸ ಪ್ರೊಸೆಸರ್ ಅಲ್ಲ, ಒಂದು ಬ್ರಷ್.

ಆದರೆ ನೆಂಟರು, ಅಕ್ಕಪಕ್ಕದವರ ಕಂಪ್ಯೂಟರ್ ಬಿಚ್ಚಿ ನೋಡಿದ ಇಷ್ಟು ವರ್ಷಗಳಲ್ಲಿ ನಾನು ಕಂಡದ್ದು ಬೇರೆಯೇ. ಧೂಳಿನಿಂದ ಕೆಟ್ಟ ಕಂಪ್ಯೂಟರ್‌ಗಳಿಗಿಂತ ಧೂಳು ತೆಗೆಯಲು ಹೋಗಿ ಕೆಟ್ಟವೇ ಜಾಸ್ತಿ. ಒದ್ದೆ ಬಟ್ಟೆ, ವ್ಯಾಕ್ಯೂಮ್ ಕ್ಲೀನರ್, ಪಂಕ್ಚರ್ ಅಂಗಡಿಯ ಗಾಳಿ, ಅವಸರ. ಅದಕ್ಕೇ ಈ ಬರಹದಲ್ಲಿ ಏನು ಮಾಡಬೇಕು ಅನ್ನುವಷ್ಟೇ ಏನು ಮಾಡಬಾರದು ಅನ್ನುವುದನ್ನೂ ಬರೆದಿದ್ದೇನೆ.

ಮೊದಲು ಧೂಳು ಯಾವುದು ಅಂತ ನೋಡಿ

ಎಲ್ಲ ಧೂಳೂ ಒಂದೇ ಅಲ್ಲ. ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿದ್ದರೆ, ಮೇಲಿನ ಫ್ಲ್ಯಾಟಿನವರು ಗ್ರಾನೈಟ್ ಕೊಯ್ಯಿಸುತ್ತಿದ್ದರೆ, ಒಳಗೆ ಬರುವುದು ನುಣ್ಣನೆಯ ಬೂದು ಪುಡಿ. ಅದರಲ್ಲಿ ಸಿಮೆಂಟ್ ಇರುತ್ತದೆ. ಒಣಗಿದ್ದಾಗ ಬ್ರಷ್ ಮುಟ್ಟಿದರೆ ಸಾಕು, ಸುಲಭವಾಗಿ ಉದುರುತ್ತದೆ. ಇದರ ಮೇಲೆ ಒದ್ದೆ ಬಟ್ಟೆ ಆಡಿಸಿದರೆ ಮಾತ್ರ ಗಾರೆ ಕಲಸಿದ ಹಾಗೆ ಆಗುತ್ತದೆ. ಒಣಗಿದ ಮೇಲೆ ಗಟ್ಟಿ ಪದರವಾಗಿ ಅಂಟಿಕೊಂಡು ಬಿಡುತ್ತದೆ.

ಹಾಸಿಗೆ, ಬಟ್ಟೆ, ತಲೆಕೂದಲು, ಬೆಕ್ಕು ನಾಯಿಯ ರೋಮ ಸೇರಿ ಆಗುವ ಧೂಳು ಇನ್ನೊಂದು ಬಗೆ. ಇದು ಹತ್ತಿಯ ಹಾಗೆ ಹೆಣೆದುಕೊಳ್ಳುತ್ತದೆ. ಫ್ಯಾನಿಗೂ ಹೀಟ್‌ಸಿಂಕ್‌ಗೂ ನಡುವೆ ಕೂತು ಗಾಳಿಯನ್ನು ಪೂರ್ತಿ ತಡೆಯುವುದು ಇದೇ.

ಮೂರನೆಯದು ಜಿಗುಟು ಧೂಳು. ಊದುಬತ್ತಿ, ಸಾಂಬ್ರಾಣಿ, ಒಗ್ಗರಣೆಯ ಹೊಗೆ, ಸಿಗರೇಟು. ಈ ಹೊಗೆಯಲ್ಲಿರುವ ಎಣ್ಣೆ ಅಂಶ ಫ್ಯಾನಿನ ರೆಕ್ಕೆಗೆ ಅಂಟು ಬಳಿದಂತೆ ಹತ್ತುತ್ತದೆ. ಅದರ ಮೇಲೆ ಬಂದ ಧೂಳೆಲ್ಲ ಹಿಡಿದುಕೊಳ್ಳುತ್ತದೆ. ಎಷ್ಟು ಊದಿದರೂ ಇದು ಹೋಗುವುದಿಲ್ಲ. ದೇವರ ಗೂಡಿನ ಪಕ್ಕ ಅಥವಾ ಅಡುಗೆಮನೆ ಬಾಗಿಲಿಗೆ ಎದುರಾಗಿ ಕಂಪ್ಯೂಟರ್ ಇಟ್ಟ ಮನೆಗಳಲ್ಲಿ ಇದನ್ನೇ ಹೆಚ್ಚು ನೋಡಿದ್ದೇನೆ. ಇದಕ್ಕೆ ಜಿಡ್ಡು ಕರಗಿಸಿ ಬೇಗ ಆರಿಹೋಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಅದನ್ನು ಮುಂದೆ ಹೇಳುತ್ತೇನೆ.

ಜಿರಳೆ ಹಿಕ್ಕೆ, ಹಲ್ಲಿ ಮೊಟ್ಟೆಯ ಚೂರು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಬೆಚ್ಚಗಿರುವ ಜಾಗ ಅಂತ ಅವು ಪವರ್ ಸಪ್ಲೈ (ಕರೆಂಟ್ ವೈರ್ ಬಂದು ಸೇರುವ ಲೋಹದ ಪೆಟ್ಟಿಗೆ) ಕಡೆಗೇ ಹೋಗಿ ಸೇರುತ್ತವೆ.

ಯಾವಾಗ ಮಾಡಿದರೆ ಒಳ್ಳೆಯದು

ವರ್ಷಕ್ಕೆ ಎರಡು ಸಲ ಸಾಕು. ರಸ್ತೆ ಕಾಮಗಾರಿ ಅಥವಾ ಕಟ್ಟಡದ ಕೆಲಸ ಹತ್ತಿರವಿದ್ದರೆ ಮೂರು ತಿಂಗಳಿಗೊಮ್ಮೆ. ನನ್ನ ಲೆಕ್ಕದಲ್ಲಿ ಒಂದು ಸಲ ಮೇ ಕೊನೆಯೊಳಗೆ ಆಗಿಬಿಡಬೇಕು. ಒಣ ಧೂಳು ಕರೆಂಟ್ ಹರಿಸುವುದಿಲ್ಲ. ಆದರೆ ಜೂನಿನಲ್ಲಿ ಮಳೆ ಹಿಡಿದು ಗಾಳಿ ತೇವವಾದಾಗ, ಬೋರ್ಡಿನ (ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್) ಮೇಲೆ ಕೂತ ಧೂಳು ಆ ತೇವವನ್ನು ಹೀರಿಕೊಳ್ಳುತ್ತದೆ. ಧೂಳಿನಲ್ಲಿರುವ ಉಪ್ಪಿನಂಶದ ಜೊತೆ ಸೇರಿ ಅದು ಸಣ್ಣಗೆ ಕರೆಂಟ್ ಹರಿಯಲು ದಾರಿ ಕೊಡಬಹುದು, ಲೋಹ ತುಕ್ಕು ಹಿಡಿಯಬಹುದು.

ಎರಡನೆಯದು ಆಯುಧ ಪೂಜೆಯ ಹಿಂದಿನ ವಾರ. ಹೇಗೂ ಮನೆಯಲ್ಲಿ ಎಲ್ಲವನ್ನೂ ತೊಳೆದು ಒರೆಸುತ್ತೇವೆ ಅಲ್ವಾ. ಹಿಂದಿನ ರಾತ್ರಿ ಮಾತ್ರ ಬೇಡ, ಅವಸರವಾಗುತ್ತದೆ.

ಫೆಬ್ರವರಿ, ಮಾರ್ಚ್‌ನಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆ. ಬೆಂಗಳೂರಿನ ಗಾಳಿ ಆಗ ತುಂಬಾ ಒಣಗಿರುತ್ತದೆ. ಬಾಗಿಲ ಹಿಡಿಕೆ ಮುಟ್ಟಿದರೆ ಚುರುಕ್ ಎನ್ನುವುದು, ಬಟ್ಟೆ ಬಿಚ್ಚುವಾಗ ಚಟಚಟ ಸದ್ದು, ಇವೆಲ್ಲ ಮೈಯಲ್ಲಿ ಸೇರಿಕೊಂಡ ಸ್ಟ್ಯಾಟಿಕ್ ಕರೆಂಟ್. ಅದು ನಮ್ಮ ಬೆರಳಿಗೆ ಗೊತ್ತಾಗಬೇಕಾದರೆ ಸುಮಾರು 3,000 ವೋಲ್ಟ್ ಇರಬೇಕು. ಚಿಪ್‌ಗಳಿಗೆ ಏಟಾಗಲು ಕೆಲವು ನೂರು ವೋಲ್ಟ್ ಸಾಕು. ಅಂದರೆ ನಮಗೆ ಏನೂ ಅನ್ನಿಸದೆಯೇ ಬೋರ್ಡಿಗೆ ಪೆಟ್ಟು ಬೀಳಬಹುದು.

ಏನೇನು ಇಟ್ಟುಕೊಳ್ಳಬೇಕು

ಒಂದು ಇಂಚಿನ ಹೊಸ ಪೇಂಟ್ ಬ್ರಷ್, ಕೂದಲು ಮೆತ್ತಗಿರುವುದು. ಪ್ಲಾಸ್ಟಿಕ್ ಎಳೆಯದಕ್ಕಿಂತ ಪ್ರಾಣಿ ಕೂದಲಿನದು ಒಳ್ಳೆಯದು, ಸ್ಟ್ಯಾಟಿಕ್ ಕಡಿಮೆ. ಮೂಲೆಗಳಿಗೆ ಇನ್ನೊಂದು ಸಣ್ಣ ಬ್ರಷ್. ಸ್ಟಾರ್ ಸ್ಕ್ರೂಡ್ರೈವರ್. ಇಯರ್‌ಬಡ್, ನೂಲು ಬಿಡದ ಮೈಕ್ರೋಫೈಬರ್ ಬಟ್ಟೆ, ಟಾರ್ಚ್, ಮಾಸ್ಕ್. ಧೂಳಿನ ಅಲರ್ಜಿ ಈ ಊರಿನಲ್ಲಿ ಎಷ್ಟು ಜನಕ್ಕಿದೆ ಅಂತ ನಿಮಗೇ ಗೊತ್ತು. ಮಾಸ್ಕ್ ಬಿಡಬೇಡಿ.

ಐಸೊಪ್ರೊಪೈಲ್ ಆಲ್ಕೋಹಾಲ್ ಕೊಳ್ಳುವಾಗ ಬಾಟಲಿ ಮೇಲೆ 99% ಅಂತ ಇದೆಯಾ ನೋಡಿ. 70% ಇರುವುದರಲ್ಲಿ ಉಳಿದದ್ದು ನೀರು. ಕೊರೊನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಬಳಸುತ್ತೇನೆ ಅನ್ನುವವರಿದ್ದಾರೆ. ಬೇಡ. ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ, ಜಿಡ್ಡು ಉಳಿಯುತ್ತದೆ. ಈ ಆಲ್ಕೋಹಾಲ್‌ಗೆ ಬೇಗ ಬೆಂಕಿ ಹಿಡಿಯುತ್ತದೆ. ಹತ್ತಿರ ದೀಪ, ಊದುಬತ್ತಿ, ಗ್ಯಾಸ್ ಒಲೆ ಇರಬಾರದು. ಕಿಟಕಿ ತೆಗೆದಿರಲಿ.

ಗಾಳಿ ಊದಲು ಡಬ್ಬಿಯಲ್ಲಿ ಬರುವ ಸ್ಪ್ರೇ ಇದೆ, ಕರೆಂಟಿನ ಕೈ ಬ್ಲೋವರ್ ಇದೆ. ಸ್ಪ್ರೇ ಡಬ್ಬಿಯನ್ನು ನೆಟ್ಟಗೆ ಹಿಡಿದೇ ಊದಬೇಕು. ತಲೆಕೆಳಗೆ ಮಾಡಿದರೆ ಗಾಳಿಯ ಬದಲು ಕೊರೆಯುವ ದ್ರವ ಬರುತ್ತದೆ, ಚರ್ಮಕ್ಕೂ ಬೋರ್ಡಿಗೂ ಅಪಾಯ. ಎಷ್ಟೋ ಡಬ್ಬಿಗಳೊಳಗಿನ ಅನಿಲಕ್ಕೆ ಬೆಂಕಿ ಹಿಡಿಯುತ್ತದೆ. ಡಬ್ಬಿ ಬೇಗ ಮುಗಿದೂ ಹೋಗುತ್ತದೆ. ಪದೇ ಪದೇ ಮಾಡುವವರಿಗೆ ಬ್ಲೋವರೇ ವಾಸಿ. ಟೌನ್‌ಹಾಲ್ ಹತ್ತಿರದ ಎಸ್.ಪಿ. ರೋಡಿನಲ್ಲಿ ಬ್ರಷ್, ಬ್ಲೋವರ್, ಆಲ್ಕೋಹಾಲ್, ಥರ್ಮಲ್ ಪೇಸ್ಟ್ (ಪ್ರೊಸೆಸರ್ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಲೇಪ), ಫ್ಯಾನ್ ಎಲ್ಲವೂ ಒಂದೇ ಓಣಿಯಲ್ಲಿ ಸಿಗುತ್ತವೆ. ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ, ವಾರದ ದಿನ ಹೋಗಿ.

ಇನ್ನು ಮನೆಯಲ್ಲೇ ಇರುವ ಒಂದು ಸಾಮಾನು: ಪಡ್ಡು ಕಾವಲಿ. ಚೆನ್ನಾಗಿ ತೊಳೆದು ಒಣಗಿಸಿ ಪಕ್ಕದಲ್ಲಿಟ್ಟುಕೊಳ್ಳಿ. ಬಿಚ್ಚಿದ ಸ್ಕ್ರೂಗಳನ್ನು ಒಂದೊಂದು ಗುಳಿಯಲ್ಲಿ ಬೇರೆ ಬೇರೆ ಹಾಕಬಹುದು. ಬಾಗಿಲಿನವು ಒಂದರಲ್ಲಿ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿನವು ಒಂದರಲ್ಲಿ. ಲ್ಯಾಪ್‌ಟಾಪ್ ಬಿಚ್ಚುವಾಗ ಇದು ಬಹಳ ಮುಖ್ಯ. ಉದ್ದದ ಸ್ಕ್ರೂವನ್ನು ಗಿಡ್ಡ ಸ್ಕ್ರೂ ಜಾಗಕ್ಕೆ ಹಾಕಿ ಬಿಗಿದರೆ ತುದಿ ಬೋರ್ಡಿಗೇ ಚುಚ್ಚಬಹುದು.

ಬೇಡದ ಸಾಮಾನುಗಳನ್ನೂ ಹೇಳಿಬಿಡುತ್ತೇನೆ. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್ ಬೇಡ. ಅದರ ಪ್ಲಾಸ್ಟಿಕ್ ಮೂತಿಯಲ್ಲಿ ಗಾಳಿ ಧೂಳು ಉಜ್ಜಿ ಸ್ಟ್ಯಾಟಿಕ್ ಹುಟ್ಟುತ್ತದೆ, ಸಡಿಲ ಇರುವ ಸಣ್ಣ ಭಾಗಗಳನ್ನೂ ಎಳೆದುಕೊಳ್ಳುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡವೇ ಬೇಡ. ಅದರ ಒತ್ತಡ ಜಾಸ್ತಿ, ಜೊತೆಗೆ ಟ್ಯಾಂಕಿನಲ್ಲಿ ಸೇರಿದ ನೀರು, ಎಣ್ಣೆಯ ಹನಿಗಳೂ ಬರುತ್ತವೆ. ಹೇರ್ ಡ್ರೈಯರ್ ಬಿಸಿ ಗಾಳಿ ಬೇಡ. ಬಾಯಿಂದ ಊದಿದರೆ ಎಂಜಲು ಹನಿ ಬೀಳುತ್ತದೆ.

ಕರೆಂಟ್ ಪೂರ್ತಿ ತೆಗೆಯುವುದು

ಈ ಭಾಗದ ಕೊನೆಯಲ್ಲಿ ಹೇಳಿರುವಂತೆ ಶಾಖ ಬರೆದಿಟ್ಟುಕೊಂಡ ಮೇಲೆ ಕಂಪ್ಯೂಟರ್ ಶಟ್‌ಡೌನ್ ಮಾಡಿ. ಸ್ಲೀಪ್ ಅಲ್ಲ, ಶಟ್‌ಡೌನ್. ಹಿಂದೆ ಪವರ್ ಸಪ್ಲೈ ಮೇಲಿರುವ ಸ್ವಿಚ್ ಆರಿಸಿ. ಆಮೇಲೆ ವೈರನ್ನೇ ಕಿತ್ತು ಪಕ್ಕಕ್ಕಿಡಿ. ಗೋಡೆಯ ಸ್ವಿಚ್ ಆರಿಸಿದ್ದೇನೆ ಸಾಕು ಅನ್ನಬೇಡಿ. ಯುಪಿಎಸ್ ಇದ್ದರೆ ಗೋಡೆಯ ಸ್ವಿಚ್ ಆರಿಸಿದರೂ, ಬೀದಿಯಲ್ಲೇ ಕರೆಂಟ್ ಹೋಗಿದ್ದರೂ, ಬ್ಯಾಟರಿಯಿಂದ 230 ವೋಲ್ಟ್ ಬರುತ್ತಲೇ ಇರುತ್ತದೆ.

ಪ್ಲಗ್ ಹಾಗೇ ಇದ್ದರೆ ಅರ್ತಿಂಗ್ ಸಿಗುತ್ತದೆ, ಸ್ವಿಚ್ ಆರಿಸಿದರೆ ಸಾಕು ಎಂಬ ಸಲಹೆ ಕೆಲವರು ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಎಷ್ಟೋ ಹಳೆ ಮನೆಗಳ ವೈರಿಂಗ್‌ನಲ್ಲಿ ಅರ್ತ್ ತಂತಿಯೇ ಇರುವುದಿಲ್ಲ. ಕೆಲವು ಕಡೆ ಸ್ವಿಚ್ ಅನ್ನು ನ್ಯೂಟ್ರಲ್ ತಂತಿಗೆ ಹಾಕಿರುತ್ತಾರೆ. ಆಗ ಸ್ವಿಚ್ ಆರಿಸಿದ ಮೇಲೂ ಲೈವ್ ತಂತಿ ಡಬ್ಬದವರೆಗೆ ಬಂದಿರುತ್ತದೆ. ವೈರ್ ಕಿತ್ತರೆ ಈ ಯಾವ ಅನುಮಾನವೂ ಉಳಿಯುವುದಿಲ್ಲ.

ವೈರ್ ಕಿತ್ತ ಮೇಲೆ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಕರೆಂಟ್ ಹರಿದು ಹೋಗುತ್ತದೆ. ಆಟ ಆಡಿ ಅಥವಾ ವಿಡಿಯೊ ಎಡಿಟ್ ಮಾಡಿ ಆಗಷ್ಟೇ ನಿಲ್ಲಿಸಿದ್ದರೆ ಅರ್ಧ ಗಂಟೆ ಆರಲು ಬಿಡಿ.

ಶಟ್‌ಡೌನ್ ಮಾಡುವ ಮುಂಚೆ ಒಂದು ಕೆಲಸ. ಎಚ್‌ಡಬ್ಲ್ಯೂಇನ್ಫೋ (HWiNFO) ಎಂಬ ಉಚಿತ ಪ್ರೋಗ್ರಾಂ ಹಾಕಿ, ಎಂದಿನ ಕೆಲಸ ಮಾಡುತ್ತಾ ಹದಿನೈದು ನಿಮಿಷ ಬಿಟ್ಟು, ಪ್ರೊಸೆಸರ್ ಶಾಖ ಎಷ್ಟಿದೆ ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಹೋಲಿಸಲು ಬೇಕಾಗುತ್ತದೆ.

ಡಬ್ಬ ತೆರೆಯುವುದು

ಬಾಲ್ಕನಿ ಅಥವಾ ತಾರಸಿಗೆ ತೆಗೆದುಕೊಂಡು ಹೋಗಿ. ಬಿಸಿಲಿನಲ್ಲಿ ಬೇಡ, ನೆರಳಿರಲಿ. ತಾರಸಿಯಾದರೆ ಬೆಳಿಗ್ಗೆ ಬೇಗ ಹೋಗಿ. ತಂತಿ ಮೇಲೆ ಅಕ್ಕಪಕ್ಕದವರ ಬಟ್ಟೆ ಒಣಗಲು ಹಾಕಿದ ಮೇಲೆ ಹೋಗಿ ಧೂಳೆಬ್ಬಿಸಿದರೆ ಯಾರಿಗಾದರೂ ಬೇಸರವಾಗುತ್ತದೆ. ಹತ್ತಿ ಬಟ್ಟೆ ತೊಟ್ಟಿರಿ. ಪಾಲಿಸ್ಟರ್, ರೇಷ್ಮೆ, ಸ್ವೆಟರ್ ಬೇಡ. ಕಾರ್ಪೆಟ್ ಮೇಲೆ ಕೂತು ಮಾಡಬೇಡಿ. ಉಂಗುರ, ಕಡಗ, ವಾಚು ತೆಗೆದಿಡಿ. ಕೈ ಪೂರ್ತಿ ಒಣಗಿರಲಿ.

ಹಿಂದಿನ ಎರಡು ಸ್ಕ್ರೂ ತೆಗೆದು ಎಡಬದಿಯ ಬಾಗಿಲನ್ನು ಹಿಂದಕ್ಕೆ ಜಾರಿಸಿ. ಗಾಜಿನ ಬಾಗಿಲಾದರೆ ಒಂದು ಕೈ ಅದರ ಮೇಲೇ ಇರಲಿ, ಸಿಮೆಂಟ್ ನೆಲದ ಮೇಲೆ ಇಡಬೇಡಿ. ಬಟ್ಟೆ ಹಾಸಿ ಅದರ ಮೇಲಿಡಿ. ಈಗ ಮೊಬೈಲ್‌ನಲ್ಲಿ ನಾಲ್ಕೈದು ಫೋಟೊ ತೆಗೆಯಿರಿ. ಯಾವ ವೈರ್ ಎಲ್ಲಿತ್ತು ಅನ್ನುವುದು ಸ್ಪಷ್ಟವಾಗಿ ಕಾಣಬೇಕು. ಇದನ್ನು ಬಿಟ್ಟವರು ಕೊನೆಯಲ್ಲಿ ಪರದಾಡುತ್ತಾರೆ.

ಒಳಗೆ ಕೈ ಹಾಕುವ ಮುಂಚೆ ಡಬ್ಬದ ಬಣ್ಣ ಹಚ್ಚದ ಲೋಹದ ಭಾಗವನ್ನು ಮುಟ್ಟಿ. ಕೆಲಸದ ನಡುವೆ ಎದ್ದು ಹೋಗಿ ಬಂದರೆ ಮತ್ತೆ ಮುಟ್ಟಿ. ಅಭ್ಯಾಸವಾಗುವ ತನಕ ಬಾಯಲ್ಲಿ ಹೇಳಿಕೊಂಡೇ ಮಾಡಿ.

ಫ್ಯಾನ್ ಹಿಡಿದುಕೊಂಡು ಊದಿ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ತುಂಬಾ ಜನ ತಪ್ಪು ಮಾಡುವುದು ಇಲ್ಲೇ.

ಬ್ಲೋವರ್ ಗಾಳಿ ಬಿದ್ದಾಗ ಫ್ಯಾನ್ ಗಿರಗಿರ ತಿರುಗುತ್ತದೆ. ನೋಡಲು ಚೆಂದ, ಧೂಳೂ ಹಾರುತ್ತದೆ. ಆದರೆ ಅದು ತನ್ನ ಮಿತಿ ಮೀರಿದ ವೇಗದಲ್ಲಿ ತಿರುಗುತ್ತಿರುತ್ತದೆ. ಬೇರಿಂಗ್ ಸವೆಯುತ್ತದೆ, ಒಮ್ಮೊಮ್ಮೆ ರೆಕ್ಕೆ ಮುರಿಯುತ್ತದೆ. ಇನ್ನೊಂದು ವಿಷಯ, ಮೋಟಾರನ್ನು ಹೊರಗಿನಿಂದ ತಿರುಗಿಸಿದರೆ ಅದು ಡೈನಮೊ ಹಾಗೆ ಕರೆಂಟ್ ಹುಟ್ಟಿಸುತ್ತದೆ. ಆ ಕರೆಂಟ್ ವೈರಿನ ಮೂಲಕ ಬೋರ್ಡಿನ ಕಡೆಗೆ ಹೋಗುತ್ತದೆ. ಎಸ್.ಪಿ. ರೋಡಿನ ರಿಪೇರಿ ಅಂಗಡಿಯ ಅಣ್ಣ ಒಬ್ಬರು ಕೆಲಸ ಮಾಡುವುದನ್ನು ನಿಂತು ನೋಡಿದ್ದೆ. ಪ್ರತಿ ಫ್ಯಾನಿಗೂ ಎಡಗೈ ಬೆರಳು ಇಟ್ಟೇ ಬಲಗೈಯಲ್ಲಿ ಬ್ಲೋವರ್ ಒತ್ತುತ್ತಿದ್ದರು. "ಬೆರಳು ಮೊದಲು ಸರ್, ಗಾಳಿ ಆಮೇಲೆ" ಅಂದರು. ನಾನು ಯಾರಿಗೆ ಕಲಿಸಿದರೂ ಇದನ್ನೇ ಮೊದಲು ಹೇಳುತ್ತೇನೆ.

ಬ್ಲೋವರ್ ಅನ್ನು ಮೊದಲು ಆಚೆ ಕಡೆ ತಿರುಗಿಸಿ ಐದು ಸೆಕೆಂಡ್ ಓಡಿಸಿ. ಅದರೊಳಗೆ ಕೂತ ಹಳೆ ಧೂಳು ಹೋಗಲಿ. ಕಡಿಮೆ ವೇಗಕ್ಕಿಟ್ಟು, ಒಂದು ಅಡಿ ದೂರದಿಂದ, ಎರಡು ಮೂರು ಸೆಕೆಂಡಿನಷ್ಟು ಊದಿ ನಿಲ್ಲಿಸಿ, ಮತ್ತೆ ಊದಿ. ಮೂತಿಯನ್ನು ಬೋರ್ಡಿಗೆ ತಾಗಿಸಬೇಡಿ.

ಮೇಲಿನಿಂದ ಕೆಳಕ್ಕೆ ಬನ್ನಿ, ಬಿದ್ದ ಧೂಳು ಕೆಳಗೆ ಸೇರಲಿ. ಫ್ಯಾನಿನ ಒಂದೊಂದು ರೆಕ್ಕೆಯನ್ನೂ ಬ್ರಷ್‌ನಿಂದ ಸವರಿ, ಹಿಂಬದಿಯನ್ನೂ. ಜಿಗುಟು ಧೂಳಿದ್ದರೆ ಇಯರ್‌ಬಡ್ ತುದಿಗೆ ಆಲ್ಕೋಹಾಲ್ ಅದ್ದಿ, ಹಿಂಡಿ, ಉಜ್ಜಿ. ಫ್ಯಾನ್ ನಡುವಿನ ಬೇರಿಂಗ್ ಒಳಗೆ ಹನಿ ಇಳಿಯಬಾರದು. ಸದ್ದು ಮಾಡುವ ಫ್ಯಾನಿಗೆ ಕೊಬ್ಬರಿ ಎಣ್ಣೆ ಬಿಡುವ ರೂಢಿ ಇದೆ. ನಾಲ್ಕು ದಿನ ಸುಮ್ಮನಾಗುತ್ತದೆ, ಆಮೇಲೆ ಆ ಎಣ್ಣೆಯೇ ಧೂಳು ಹಿಡಿದು ಜಾಮ್ ಆಗುತ್ತದೆ. ಕೆಲವು ನೂರು ರೂಪಾಯಿಗೆ ಹೊಸ ಫ್ಯಾನ್ ಬರುತ್ತದೆ, ಬದಲಾಯಿಸಿ.

ಪ್ರೊಸೆಸರ್ ಮೇಲಿನ ಹೀಟ್‌ಸಿಂಕ್‌ಗೆ ಟಾರ್ಚ್ ಬಿಟ್ಟು ನೋಡಿ. ತಗಡುಗಳ ನಡುವೆ ಆ ಕಡೆಯ ಬೆಳಕು ಕಾಣದಿದ್ದರೆ ಹತ್ತಿಯಂಥ ಧೂಳು ಗಟ್ಟಿಯಾಗಿ ಕೂತಿದೆ ಅಂತಲೇ ಅರ್ಥ. ಎತ್ತರದ ಹೀಟ್‌ಸಿಂಕ್ ಆದರೆ ಫ್ಯಾನ್ ಮಾತ್ರ ಬಿಚ್ಚಿಕೊಳ್ಳುತ್ತದೆ, ಎರಡು ತಂತಿ ಕ್ಲಿಪ್ ಇರುತ್ತವೆ. ಅದನ್ನು ತೆಗೆದರೆ ಕೆಳಗೆ ಧೂಳಿನ ಹಾಳೆ ಸಿಗುತ್ತದೆ. ಚಿಮುಟದಲ್ಲಿ ಮೆಲ್ಲಗೆ ಎತ್ತಿ ತೆಗೆಯಿರಿ. ಊದಿ ಒಳಕ್ಕೆ ತಳ್ಳಬೇಡಿ. ಉಳಿದದ್ದಕ್ಕೆ ಬ್ರಷ್, ಆಮೇಲೆ ಗಾಳಿ. ತಗಡುಗಳು ಬಲು ತೆಳು, ಸುಲಭವಾಗಿ ಬಗ್ಗುತ್ತವೆ.

ಬರೀ ಧೂಳು ತೆಗೆಯಲು ಹೀಟ್‌ಸಿಂಕ್ ಅನ್ನೇ ಕಿತ್ತು ತೆಗೆಯಬೇಡಿ. ಅದರ ಕೆಳಗೆ ಥರ್ಮಲ್ ಪೇಸ್ಟ್ ಇರುತ್ತದೆ. ಒಮ್ಮೆ ಎತ್ತಿದರೆ ಹಳೆಯದನ್ನು ಆಲ್ಕೋಹಾಲಿನಲ್ಲಿ ಒರೆಸಿ ಹೊಸದಾಗಿ ಹಾಕಲೇಬೇಕು, ಬಟಾಣಿ ಕಾಳಿಗಿಂತ ಚಿಕ್ಕ ಹನಿ ಸಾಕು. ಎಎಂಡಿ ಕಂಪನಿಯ ಪ್ರೊಸೆಸರ್ ಕೂರುವ ಎಎಂ4 ಎಂಬ ಬಗೆಯ ಬೋರ್ಡುಗಳಲ್ಲಿ ಇನ್ನೊಂದು ಅಪಾಯವಿದೆ. ಒಣಗಿದ ಪೇಸ್ಟ್ ಅಂಟಿಕೊಂಡು ಹೀಟ್‌ಸಿಂಕ್ ಜೊತೆಗೆ ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತು ಬರಬಹುದು, ಪಿನ್ನುಗಳು ಬಗ್ಗಬಹುದು. ತೆಗೆಯಲೇಬೇಕಾದರೆ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗಾದ ಮೇಲೆ ಆರಿಸಿ, ವೈರ್ ಕಿತ್ತು, ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ ಬಿಡಿಸಿ. ನೆಟ್ಟಗೆ ಎಳೆಯಬೇಡಿ.

ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಬೋರ್ಡ್

ಗ್ರಾಫಿಕ್ಸ್ ಕಾರ್ಡ್ ಹೊರಗೆ ತೆಗೆದರೆ ಚೆನ್ನಾಗಿ ಶುಚಿ ಮಾಡಬಹುದು. ಪವರ್ ವೈರ್ ತೆಗೆದು, ಸ್ಕ್ರೂ ತೆಗೆದು, ಸ್ಲಾಟ್ ತುದಿಯ ಚಿಕ್ಕ ಲಾಕ್ ಒತ್ತಿ, ಆಮೇಲೆ ಎತ್ತಿ. ಆ ಲಾಕ್ ಮರೆತು ಎಳೆದರೆ ಸ್ಲಾಟೇ ಮುರಿಯುತ್ತದೆ. ಅಂಚು ಹಿಡಿಯಿರಿ, ಚಿನ್ನದ ಬಣ್ಣದ ಹಲ್ಲುಗಳನ್ನು ಮುಟ್ಟಬೇಡಿ.

ರ‍್ಯಾಮ್ (ಬೋರ್ಡಿನ ಸ್ಲಾಟಿನಲ್ಲಿ ಕೂರುವ ಮೆಮೊರಿ ಪಟ್ಟಿ) ಸರಿಯಾಗಿ ಕೆಲಸ ಮಾಡುತ್ತಿದ್ದರೆ ತೆಗೆಯುವ ಅಗತ್ಯವೇ ಇಲ್ಲ. ರಬ್ಬರಿನಲ್ಲಿ ಉಜ್ಜುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಕೆಲವೊಮ್ಮೆ ಅದರಿಂದ ಸರಿಹೋಗುವುದೂ ನಿಜ. ಆದರೆ ರಬ್ಬರ್ ಚೂರು ಸ್ಲಾಟಿನಲ್ಲಿ ಸೇರುತ್ತದೆ, ಉಜ್ಜಿದಷ್ಟೂ ಚಿನ್ನದ ತೆಳು ಲೇಪ ಸವೆಯುತ್ತದೆ. ಬಟ್ಟೆಗೆ ಆಲ್ಕೋಹಾಲ್ ತಾಗಿಸಿ ಒಮ್ಮೆ ಸವರಿದರೆ ಸಾಕು.

ಬೋರ್ಡಿನ ಮೇಲೆ ಬ್ರಷ್ ಒಂದೇ ದಿಕ್ಕಿಗೆ, ಹಗುರವಾಗಿ. ಹಾರ್ಡ್ ಡಿಸ್ಕಿನ ಮೇಲೊಂದು ಪುಟ್ಟ ರಂಧ್ರ ಇರುತ್ತದೆ, ಅದರೊಳಕ್ಕೆ ಗಾಳಿ ಊದಬೇಡಿ.

ಪವರ್ ಸಪ್ಲೈ ಬಿಚ್ಚಬೇಡಿ

ಆ ಲೋಹದ ಪೆಟ್ಟಿಗೆಯ ಮೇಲೆ ನಾಲ್ಕು ಸ್ಕ್ರೂ ಕಾಣುತ್ತವೆ, ಬಿಚ್ಚುವುದು ಸುಲಭ ಅನ್ನಿಸುತ್ತದೆ. ಒಳಗೆ ಕರೆಂಟ್ ಹಿಡಿದಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗೂ ಹೆಚ್ಚು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಕಾಲ ಉಳಿದಿರುತ್ತದೆ. ಪ್ರಾಣಕ್ಕೆ ಅಪಾಯ. ಅದರ ಫ್ಯಾನ್ ತಿರುಗದಂತೆ ಐಸ್‌ಕ್ರೀಮ್ ಕಡ್ಡಿಯಿಂದ ಜಾಲರಿಯ ಹೊರಗಿನಿಂದ ತಡೆದು, ಹೊರಗಡೆಯಿಂದಲೇ ಊದಿ. ಲೋಹದ ಕಡ್ಡಿ ಹಾಕಬೇಡಿ. ಒಳಗೆ ಹಲ್ಲಿ ಸತ್ತಿದೆ ಅನ್ನಿಸಿದರೆ ತಿಳಿದವರ ಹತ್ತಿರ ಕೊಡಿ. ಯುಪಿಎಸ್‌ಗೂ ಇದೇ ಮಾತು.

ಲ್ಯಾಪ್‌ಟಾಪ್ ಆದರೆ

ವಾರಂಟಿ ಇದ್ದರೆ ಬಿಚ್ಚಬಹುದೇ ಎಂದು ಮೊದಲು ಕೇಳಿ. ತಳದ ಸ್ಕ್ರೂಗಳಲ್ಲಿ ಒಂದೆರಡು ರಬ್ಬರ್ ಕಾಲಿನ ಕೆಳಗೆ ಅಡಗಿರುತ್ತವೆ. ಮುಚ್ಚಳ ಬರುತ್ತಿಲ್ಲ ಅಂದರೆ ಬಲ ಹಾಕಬೇಡಿ, ಎಲ್ಲೋ ಒಂದು ಸ್ಕ್ರೂ ಉಳಿದಿದೆ. ತೆರೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ತೆಗೆಯಿರಿ, ಬೇರೆ ಏನನ್ನೂ ಮುಟ್ಟುವ ಮುಂಚೆ. ಬ್ಯಾಟರಿ ಪೂರಿಯ ಹಾಗೆ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ, ಸರ್ವಿಸ್‌ನವರಿಗೆ ಕೊಡಿ.

ಲ್ಯಾಪ್‌ಟಾಪಿನಲ್ಲಿ ಧೂಳು ಕೂರುವ ಮುಖ್ಯ ಜಾಗ ಒಂದೇ, ಫ್ಯಾನಿಗೂ ಬಿಸಿಗಾಳಿ ಹೊರಬರುವ ಜಾಲರಿಗೂ ನಡುವೆ. ತೆರೆಯದೆ ಹೊರಗಿನಿಂದ ಊದಿದರೆ ಆ ಹಾಳೆ ಒಳಕ್ಕೆ ಸರಿದು ಫ್ಯಾನಿಗೇ ಸಿಕ್ಕಿಕೊಳ್ಳಬಹುದು. ತೆರೆದೇ ತೆಗೆಯುವುದು ಸರಿ.

ಕೀಬೋರ್ಡ್ ತಲೆಕೆಳಗೆ ಮಾಡಿ ತಟ್ಟಿ, ಬ್ರಷ್ ಆಡಿಸಿ. ಮಾನಿಟರ್‌ಗೆ ಮೈಕ್ರೋಫೈಬರ್ ಬಟ್ಟೆ ಸಾಕು. ಕಲೆ ಇದ್ದರೆ ಬಟ್ಟೆಗೆ ಡಿಸ್ಟಿಲ್ಡ್ ವಾಟರ್ ತಾಗಿಸಿ ಒರೆಸಿ, ಪರದೆಗೆ ನೇರ ಸ್ಪ್ರೇ ಮಾಡಬೇಡಿ. ಕಿಟಕಿ ಗಾಜು ಒರೆಸುವ ದ್ರಾವಣ ಪರದೆಯ ಲೇಪವನ್ನು ಹಾಳು ಮಾಡುತ್ತದೆ.

ಜೋಡಿಸಿದ ಮೇಲೆ ಆನ್ ಆಗದಿದ್ದರೆ

ಒಂದು ಆಯುಧ ಪೂಜೆಯ ಬೆಳಿಗ್ಗೆ ಅಕ್ಕನ ಮನೆಯಿಂದ ಫೋನ್ ಬಂತು. ಭಾವ ಹಿಂದಿನ ರಾತ್ರಿ ಕಂಪ್ಯೂಟರ್ ಶುಚಿ ಮಾಡಿದ್ದರು. ಈಗ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಮಗಳ ಪ್ರಾಜೆಕ್ಟ್ ಎಲ್ಲ ಅದರಲ್ಲೇ ಇದೆ. "ಭಾವ, ಏನೂ ಆಗಿರಲ್ಲ, ಗಾಬರಿ ಬೇಡಿ, ವೈರ್ ಕಿತ್ತು ಇಡಿ, ಬರ್ತೀನಿ" ಅಂದೆ. ಹೋಗಿ ನೋಡಿದರೆ ಬ್ರಷ್ ತಗುಲಿ ರ‍್ಯಾಮ್‌ನ ಒಂದು ತುದಿ ಕೂದಲೆಳೆಯಷ್ಟು ಮೇಲೆದ್ದಿತ್ತು. ಒತ್ತಿದಾಗ ಟಕ್ ಅಂತ ಕೂತಿತು. ಕಂಪ್ಯೂಟರ್ ಆನ್ ಆಯ್ತು. ಅಕ್ಕನ ಮುಖದಲ್ಲಿ ಮೂಡಿದ ನೆಮ್ಮದಿ ಇವತ್ತಿಗೂ ನೆನಪಿದೆ.

ಹಾಗಾಗಿ ಆನ್ ಆಗದಿದ್ದರೆ ಸುಟ್ಟೇ ಹೋಯ್ತು ಅಂದುಕೊಳ್ಳಬೇಡಿ. ಹಿಂದಿನ ಸ್ವಿಚ್ ಆನ್ ಇದೆಯಾ? ಮತ್ತೆ ವೈರ್ ಕಿತ್ತು, ರ‍್ಯಾಮ್ ಎರಡೂ ತುದಿ ಟಕ್ ಅನ್ನುವಂತೆ ಕೂತಿದೆಯಾ ನೋಡಿ. ಗ್ರಾಫಿಕ್ಸ್ ಕಾರ್ಡಿನ ಪವರ್ ವೈರ್ ಹಾಕಿದ್ದೀರಾ? ಬೋರ್ಡಿನ ದೊಡ್ಡ 24 ಪಿನ್ ಕನೆಕ್ಟರ್ ಪೂರ್ತಿ ಒಳಗಿದೆಯಾ? ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಅದಕ್ಕೇ ಹೋಗಿದೆಯಾ, ತಪ್ಪಿ ಬೋರ್ಡಿಗೆ ಹೋಗಿದೆಯಾ? ತೆಗೆದ ಫೋಟೊ ಈಗ ಕೆಲಸಕ್ಕೆ ಬರುತ್ತದೆ. ಆಲ್ಕೋಹಾಲ್ ಬಳಸಿದ್ದರೆ ಅರ್ಧ ಗಂಟೆ ಒಣಗಲು ಬಿಟ್ಟೇ ಆನ್ ಮಾಡಿ. ಬಾಗಿಲು ಮುಚ್ಚುವ ಮುಂಚೆ ಒಮ್ಮೆ ಆನ್ ಮಾಡಿ, ಎಲ್ಲ ಫ್ಯಾನ್ ತಿರುಗುತ್ತಿವೆಯಾ, ವೈರ್ ಏನಾದರೂ ರೆಕ್ಕೆಗೆ ತಾಗುತ್ತಿದೆಯಾ ಅಂತ ದೂರದಿಂದ ನೋಡಿ. ಸುಟ್ಟ ವಾಸನೆ ಬಂದರೆ ತಕ್ಷಣ ಗೋಡೆಯ ಸ್ವಿಚ್ಚು ಆರಿಸಿ, ಯುಪಿಎಸ್ ಇದ್ದರೆ ಅದನ್ನೂ ಆರಿಸಿ.

ಪೂಜೆ ಮಾಡುವಾಗ

ಪೂಜೆ ಬೇಡ ಅಂತ ನಾನು ಎಂದೂ ಹೇಳುವುದಿಲ್ಲ. ಅನ್ನ ಕೊಡುವ ವಸ್ತುವಿಗೆ ವರ್ಷಕ್ಕೊಮ್ಮೆ ಕೈ ಮುಗಿಯುವುದು ನಮ್ಮ ಮನೆಯಲ್ಲೂ ಇದೆ. ಆದರೆ ಕುಂಕುಮ, ಅರಿಶಿನ, ವಿಭೂತಿ ಎಲ್ಲವೂ ನುಣ್ಣನೆಯ ಪುಡಿ. ಮುಂದಿನ ಜಾಲರಿಗೆ ಹಚ್ಚಿದರೆ ಅಲ್ಲಿನ ಫ್ಯಾನ್ ನೇರ ಒಳಗೆ ಎಳೆದುಕೊಳ್ಳುತ್ತದೆ. ಹೀಟ್‌ಸಿಂಕ್‌ನ ತಗಡೆಲ್ಲ ಕೆಂಪಾಗಿದ್ದನ್ನು ನೋಡಿದ್ದೇನೆ. ಗಂಧವನ್ನು ತೇಯ್ದು, ಗಾಳಿ ಕಿಂಡಿ ಇಲ್ಲದ ಪಕ್ಕದ ತಗಡಿನ ಮೇಲೆ ಬೊಟ್ಟಿಡಿ, ಆ ಒದ್ದೆ ಗಂಧದ ಮೇಲೆ ಕುಂಕುಮ. ಪುಡಿ ಉದುರುವುದಿಲ್ಲ. ಪೂಜೆಯ ಹೊತ್ತಿಗೆ ಕಂಪ್ಯೂಟರ್ ಆರಿಸಿ ವೈರ್ ತೆಗೆದಿಡಿ. ಹೂವನ್ನು ಮೇಲಿನ ಜಾಲರಿ ಮೇಲೆ ಬಿಡಬೇಡಿ, ಎಸಳು ಒಳಗೆ ಬೀಳುತ್ತವೆ. ತೀರ್ಥ ಪ್ರೋಕ್ಷಣೆ ಮಾನಿಟರ್ ಸ್ಟ್ಯಾಂಡಿಗೆ ಸಾಕು. ಮಂಗಳಾರತಿಯ ಹೊಗೆ ಪೂರ್ತಿ ಕರಗಿದ ಮೇಲೆ ಆನ್ ಮಾಡಿ. ಹಿರಿಯರಿಗೆ ಹೀಗೆ ವಿವರಿಸಿ ಹೇಳಿದರೆ ಬೇಡ ಅನ್ನುವುದಿಲ್ಲ. ನಮ್ಮ ಅಮ್ಮನೇ ಈಗ ನೆಂಟರಿಗೆ ಬೊಟ್ಟು ಎಲ್ಲಿಡಬೇಕು ಅಂತ ತೋರಿಸುತ್ತಾರೆ.

ಮತ್ತೆ ಬೇಗ ತುಂಬಿಕೊಳ್ಳದ ಹಾಗೆ

ಡಬ್ಬವನ್ನು ನೆಲದ ಮೇಲಿಡಬೇಡಿ. ಪೊರಕೆ ಎಬ್ಬಿಸುವ ಧೂಳೆಲ್ಲ ಅದಕ್ಕೇ ಸೇರುತ್ತದೆ. ಒಂದೂವರೆ ಅಡಿ ಎತ್ತರದ ಸ್ಟೂಲ್ ಸಾಕು. ಹಿಂದೆ ಗೋಡೆಗೆ ಒಂದು ಗೇಣಾದರೂ ಜಾಗ ಬಿಡಿ. ಒಳಗೆ ಗಾಳಿ ಎಳೆಯುವ ಫ್ಯಾನ್ ಹೊರಗೆ ತಳ್ಳುವವಕ್ಕಿಂತ ಒಂದು ಜಾಸ್ತಿ ಇದ್ದರೆ ಒಳ್ಳೆಯದು. ಆಗ ಗಾಳಿ ಜಾಲರಿ ಇರುವ ಕಡೆಯಿಂದಲೇ ಒಳಬರುತ್ತದೆ, ಸಂದಿಗೊಂದಿಯಿಂದ ಧೂಳು ಹೀರುವುದಿಲ್ಲ. ಮುಂದಿನ ಫ್ಯಾನ್‌ಗೆ ಅಯಸ್ಕಾಂತದ ಅಂಚಿರುವ ಜಾಲರಿ ಹಾಕಿಸಿ. ಬಟ್ಟೆಯಲ್ಲಿ ಇಡೀ ಡಬ್ಬ ಮುಚ್ಚುವುದು ಆರಿಸಿದಾಗ ಮಾತ್ರ. ಓಡುತ್ತಿರುವಾಗ ಕವರ್ ಹಾಕಿದರೆ ಧೂಳಿಗಿಂತ ದೊಡ್ಡ ತೊಂದರೆ.

ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ನಲ್ಲಿ ಕೆಳಗೆ ತೊಳೆಯಬಹುದು. ಒಂದು ದಿನ ನೆರಳಲ್ಲಿ ಒಣಗಿಸಿ. ಜುಲೈ, ಆಗಸ್ಟ್‌ನಲ್ಲಿ ಎರಡು ದಿನ ಬೇಕಾಗುತ್ತದೆ. ಎರಡು ಜಾಲರಿ ಕೊಂಡಿಟ್ಟುಕೊಂಡರೆ ಕಾಯಬೇಕಿಲ್ಲ.

ಶುಚಿ ಮಾಡಿದ ಮೇಲೆ ಅದೇ ಕೆಲಸ ಕೊಟ್ಟು ಮತ್ತೆ ಶಾಖ ನೋಡಿ. ನನ್ನದರಲ್ಲಿ ಕಳೆದ ಸಲ 91 ಇದ್ದದ್ದು 76ಕ್ಕೆ ಇಳಿಯಿತು. ಇಳಿಯದೇ ಇದ್ದರೆ ಥರ್ಮಲ್ ಪೇಸ್ಟ್ ಒಣಗಿರಬಹುದು, ಅಥವಾ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲದೆ ಇರಬಹುದು. ತಾರೀಖು, ಮುಂಚಿನ ಶಾಖ, ಈಗಿನ ಶಾಖ, ಈ ಮೂರನ್ನು ಕಾಗದದ ಟೇಪಿನ ಮೇಲೆ ಬರೆದು ಬಾಗಿಲಿನ ಒಳಮೈಗೆ ಅಂಟಿಸುತ್ತೇನೆ. ನಮ್ಮದರಲ್ಲಿ ಈಗ ಏಳು ಟೇಪುಗಳಿವೆ. ಮುಂದಿನ ಸಲ ಬಾಗಿಲು ತೆಗೆದಾಗ ಮೊದಲು ಕಣ್ಣಿಗೆ ಬೀಳುವುದು ಅದೇ.